ಒಂದು ಸುತ್ತು, ಮೇಲೆ ಏಳು

ನನ್ನ ಟ್ಯೂಷನ್ ಕ್ಲಾಸಿನಲ್ಲಿ ಬೆರಳು ಎಣಿಸುವಂತಿಲ್ಲ. ಪುಣೆಯ ಕಾತ್ರಜದ ಬಸ್ ಡಿಪೋದ ಹಿಂದಿನ ಗಲ್ಲಿಯಲ್ಲಿ, ಎರಡನೆಯ ಮಹಡಿಯ ಮೇಲೆ ಒಂದು ಕೋಣೆ, ಒಂದು ಫ್ಯಾನು, ಇಪ್ಪತ್ತೈದು ಮಕ್ಕಳು. ನಾನು ಮೂಲವಸ್ತುವಿನ ಚಿಹ್ನೆ ಹೇಳುತ್ತೇನೆ, ಅವರು ಅದರ ಪರಮಾಣು ಸಂಖ್ಯೆ ಹೇಳಬೇಕು. Na ಅಂದರೆ ಹನ್ನೊಂದು. S ಅಂದರೆ ಹದಿನಾರು. ಕೇಳಿದ ತಕ್ಷಣ ಬಾಯಿಂದ ಬರಬೇಕು. ಉತ್ತರ ಬಾರದವರು ಉತ್ತರ ಬರುವವರೆಗೆ ನಿಂತೇ ಇರಬೇಕು. ಬೆಂಚಿನ ಕೆಳಗೆ ಯಾರದಾದರೂ ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಹರಿದಾಡುವುದು ಕಂಡರೆ ನನ್ನ ಪಿತ್ತ ನೆತ್ತಿಗೇರುತ್ತದೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಆ್ಯಸಿಡ್ ಬಾಟ್ಲಿ’ ಅನ್ನುತ್ತಾರೆ. ಆ ಹೆಸರು ನನಗೆ ಎಷ್ಟು ಸರಿಯಾಗಿ ಒಪ್ಪುತ್ತದೆ ಎಂಬುದು ಇಟ್ಟವರಿಗೂ ಗೊತ್ತಿಲ್ಲ.

ಈ ಸಿಡುಕಿಗೆ ಒಂದು ಕಾರಣವಿದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಲೇಬೇಕಾದ ಮನುಷ್ಯ ಮೆಟ್ಟಿಲು ಹತ್ತಿಕೊಂಡು ನನ್ನ ಬಾಗಿಲಿಗೇ ಬಂದಾಗಲೂ ಹೇಳಲಿಲ್ಲ.

ಅಪ್ಪ ಧಾರವಾಡ ಬಿಟ್ಟು ಪುಣೆಗೆ ಬಂದವನು. ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯ ಸ್ಟೋರ್ ಅವನ ಕೈಯಲ್ಲಿತ್ತು. ಬೆಳಕು ಹರಿಯುವ ಮುಂಚೆ ಸ್ವಾರಗೇಟಿನಲ್ಲಿ ಕಂಪನಿ ಬಸ್ಸು ಹಿಡಿದರೆ ವಾಪಸ್ಸು ಬರುವುದು ದೇವರಿಗೆ ದೀಪ ಹಚ್ಚಿದ ಮೇಲೆ. ಸ್ಟೋರಿನಲ್ಲಿ ಮಾಲು ಎತ್ತಿಡುವವರಲ್ಲಿ ವಿಜಯಪುರದ ಕಡೆಯವರಿದ್ದರು, ಸೊಲ್ಲಾಪುರದವರಿದ್ದರು, ಬಿಹಾರದವರೂ ಇದ್ದರು. ಡಬ್ಬಿಗಳ ಮೇಲಿನ ಇಂಗ್ಲಿಷು ಅವರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಬಸ್ಸಿನ ನಂಬರು ನೋಡಿ ನೋಡಿ ಅಂಕಿ ಮಾತ್ರ ಎಲ್ಲರಿಗೂ ಬರುತ್ತಿತ್ತು. ಅದಕ್ಕೆ ಅಪ್ಪ ಒಂದು ಪದ್ಧತಿ ಹಾಕಿದ. ಕಪಾಟುಗಳಿಗೆ ಪರಮಾಣು ಸಂಖ್ಯೆಯನ್ನೇ ನಂಬರು ಮಾಡಿದ. ಸೋಡಿಯಂ ಇರುವುದೆಲ್ಲ ಹನ್ನೊಂದರಲ್ಲಿ, ಕ್ಯಾಲ್ಸಿಯಂ ಇರುವುದೆಲ್ಲ ಇಪ್ಪತ್ತರಲ್ಲಿ. ಮಾಲಿನ ಸೂತ್ರದಲ್ಲಿ ಮೊದಲ ಚಿಹ್ನೆ ಯಾವುದೋ ಅದರ ಸಂಖ್ಯೆಯನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆದು ಡಬ್ಬಿಗೆ ಅಂಟಿಸುವುದು. ಆ್ಯಸಿಡ್‌ಗಳಿಗೆ ಮಾತ್ರ ಮೊದಲಿನ ಹೈಡ್ರೋಜನ್ ಬಿಟ್ಟು ಮುಂದಿನ ಚಿಹ್ನೆ ಹಿಡಿಯುವುದು. ಹಾಗಾಗಿ ಹೈಡ್ರೋಕ್ಲೋರಿಕ್ ಆ್ಯಸಿಡ್ ಕ್ಲೋರಿನ್ನಿನ ಕಪಾಟಿಗೆ, ಅಂದರೆ ಹದಿನೇಳಕ್ಕೆ. ಪೊಟ್ಯಾಸಿಯಂ ಹತ್ತೊಂಬತ್ತಕ್ಕೆ. ನಡುವಿನ ಹದಿನೆಂಟು ಆರ್ಗಾನಿನದು. ಅದು ಯಾವುದರ ಜೊತೆಗೂ ಕೂಡದ ಅನಿಲ, ಆ ಸ್ಟೋರಿನಲ್ಲಿ ಇರಲೂ ಇಲ್ಲ. ಹದಿನೆಂಟರ ಜಾಗಕ್ಕೆ ಸರಿಯಾಗಿ ಬಾಗಿಲು ಬರುವಂತೆ ಅಪ್ಪ ಕಪಾಟು ಜೋಡಿಸಿದ್ದ. ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ, ಕೇಳಿದವರಿಗೆ ಸಾಕುಸಾಕಾಗುವವರೆಗೆ.

ಚೀಟಿ ಬರೆಯುವ ಕೆಲಸ ನನ್ನದು. ಆಗ ನಾನು ಶಾಲೆಯಲ್ಲಿ ಏಳನೆಯ ಇಯತ್ತೆ. ಶನಿವಾರ ಅಪ್ಪ ಹೊಸ ಮಾಲಿನ ಪಟ್ಟಿ ತರುತ್ತಿದ್ದ. ರವಿವಾರ ಊಟವಾದ ಮೇಲೆ ಅವನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತು ನಾನು ಒಂದೊಂದೇ ಚಿಹ್ನೆಯನ್ನು ಸಂಖ್ಯೆಗೆ ತಿರುಗಿಸುತ್ತಿದ್ದೆ.

“ಬಾಯಿಪಾಠ ಮಾಡಬ್ಯಾಡ” ಅನ್ನುತ್ತಿದ್ದ ಅಪ್ಪ. “ಬಾಯಿ ಮರೀತದ. ಪ್ರತಿಸಲ ಮೊದಲಿಂದ ಎಣಸು. ಎಣಿಕಿ ಕೈಯಾಗ ಇರಬೇಕು.”

ಎಣಿಸುವ ರೀತಿಯನ್ನೂ ಅವನೇ ಕಲಿಸಿದ. ಅದು ಸಂಧ್ಯಾವಂದನೆಯಲ್ಲಿ ಗಾಯತ್ರಿ ಎಣಿಸುವ ರೀತಿ. ಹೆಬ್ಬೆರಳು ಉಂಗುರಬೆರಳಿನ ನಡುಗೆಣ್ಣಿನಿಂದ ಹೊರಡುತ್ತದೆ, ಬುಡಕ್ಕೆ ಇಳಿದು ಕಿರುಬೆರಳನ್ನು ಹತ್ತುತ್ತದೆ, ತುದಿಗಳ ಮೇಲೆ ಹಾದು ತೋರುಬೆರಳನ್ನು ಇಳಿಯುತ್ತದೆ. ಅಲ್ಲಿಗೆ ಹತ್ತು. ನಡುಬೆರಳಿನ ಕೆಳಗಿನ ಎರಡು ಗೆಣ್ಣು ಮಾತ್ರ ಮುಟ್ಟುವಂತಿಲ್ಲ. ಹೆಣ್ಣುಮಗಳಿಗೆ ಮಂತ್ರ ಕೊಡದ ಮನುಷ್ಯ ಎಣಿಕೆ ಕೊಟ್ಟ. ಮಂತ್ರದ ಜಾಗದಲ್ಲಿ ನನಗೆ ಹೈಡ್ರೋಜನ್, ಹೀಲಿಯಂ, ಲಿಥಿಯಂ. ಒಂದು ಸುತ್ತು ಮುಗಿದರೆ ನಿಯಾನ್, ಅಂದರೆ ಹತ್ತು. ಒಂದು ಸುತ್ತು, ಮೇಲೆ ಒಂದು ಅಂದರೆ ಸೋಡಿಯಂ. ಒಂದು ಸುತ್ತು, ಮೇಲೆ ಒಂಬತ್ತು ಅಂದರೆ ಪೊಟ್ಯಾಸಿಯಂ. ನನಗೆ ಅದರಲ್ಲಿ ಎಂಥ ಹೆಮ್ಮೆ ಇತ್ತೆಂದರೆ, ಶಾಲೆಯಲ್ಲಿ ಗೆಳತಿಯರಿಗೂ ಆ ಎಣಿಕೆ ತೋರಿಸುತ್ತಿರಲಿಲ್ಲ.

ಮೊದಮೊದಲು ನನ್ನ ಚೀಟಿಗಳನ್ನೆಲ್ಲ ಅಪ್ಪ ತಾನೂ ಎಣಿಸಿ ನೋಡುತ್ತಿದ್ದ. ಒಂದೂ ತಪ್ಪು ಸಿಗಲಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ನೋಡುವುದನ್ನು ಬಿಟ್ಟ. “ನಿನ್ನ ಕೈ ತಪ್ಪಂಗಿಲ್ಲ ಬಿಡು” ಅಂದ. ನನ್ನ ಬದುಕಿನಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು. ಅದು ಸಿಗದೇ ಇದ್ದಿದ್ದರೆ ಚೆನ್ನಾಗಿತ್ತು.

ದೀಪಾವಳಿಯ ಹಿಂದಿನ ರವಿವಾರ ಮನೆಯಲ್ಲಿ ಕರ್ಚಿಕಾಯಿ ಕರಿಯುತ್ತಿದ್ದರು. ಅವ್ವನಿಗೆ ಕಟ್ಟಡದ ಎಲ್ಲ ಮನೆಗಳಿಗೂ ಹಂಚುವ ಉಮೇದು. ಮನೆಗೊಂದು ಡಝನ್ನಿನಂತೆ ಎಣಿಸಿ ಡಬ್ಬಿಗೆ ತುಂಬುವ ಕೆಲಸ ನನಗೆ ಬಿತ್ತು. ಅವ್ವನ ಎಣಿಕೆ ಅಪ್ಪನ ಎಣಿಕೆಯಲ್ಲ. ಅವಳದು ಎಲ್ಲ ಹೆಂಗಸರ ಎಣಿಕೆ: ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಂದು ಸುತ್ತಿಗೆ ಹನ್ನೆರಡು. ನಡುಬೆರಳನ್ನು ಬಿಡುವ ಮಡಿ ಅದಕ್ಕಿಲ್ಲ. ಮಧ್ಯಾಹ್ನವೆಲ್ಲ ನಾನು ಹಾಗೆ ಡಝನ್ ಮೇಲೆ ಡಝನ್ ಎಣಿಸಿದೆ. ಆಮೇಲೆ ಕೈ ತೊಳೆದು ಅಪ್ಪನ ಪಟ್ಟಿ ಹಿಡಿದು ಕೂತೆ. ಪಟ್ಟಿಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಇತ್ತು, ನಾಲ್ಕು ಡಬ್ಬಿ. ಮೊದಲ ಚಿಹ್ನೆ K. ಹೈಡ್ರೋಜನ್ನಿನಿಂದ ಹೊರಟೆ. ಕೈ ಇನ್ನೂ ಅವ್ವನ ದಾರಿಯಲ್ಲೇ ಇತ್ತು. ಒಂದು ಸುತ್ತು, ಮೇಲೆ ಏಳು. ಸುತ್ತು ಹನ್ನೆರಡರದು, ತಲೆ ಹಿಡಿದದ್ದು ಅಪ್ಪನ ಹತ್ತು. ಹದಿನೇಳು ಎಂದು ನಾಲ್ಕು ಚೀಟಿ ಬರೆದೆ.

ಅಪ್ಪ ಚೀಟಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಚೀಲಕ್ಕಿಟ್ಟುಕೊಂಡ. ನೋಡಲಿಲ್ಲ.

ದೀಪಾವಳಿಗೆ ಕಾರ್ಖಾನೆ ನಾಲ್ಕು ದಿನ ಮುಚ್ಚಿತ್ತು. ಆ ನಾಲ್ಕು ದಿನದಲ್ಲಿ ಹದಿನೇಳರ ಕಪಾಟಿನ ಒಂದು ಆ್ಯಸಿಡ್ ಕ್ಯಾನು ಬುಡದಲ್ಲಿ ಸೋರಿ ಪಕ್ಕದ ಡಬ್ಬಿಗಳನ್ನು ತೋಯಿಸಿತು. ಆ ಎರಡು ಕೂಡಿದರೆ ಕ್ಲೋರಿನ್ ಏಳುತ್ತದೆ. ಇದನ್ನು ನಾನೀಗ ಮಕ್ಕಳಿಗೆ ಸಮೀಕರಣ ಬರೆದು ತೋರಿಸುತ್ತೇನೆ, ಧ್ವನಿ ನಡುಗದಂತೆ. ರಜೆ ಮುಗಿದ ಬೆಳಗ್ಗೆ ಹದಿನೆಂಟರ ಬಾಗಿಲು ತೆಗೆದವನು ವಿಜಯಪುರದ ಕಡೆಯ ಹಮಾಲ, ಮದುವೆ ವಯಸ್ಸಿಗೆ ಬಂದ ಮಗನಿದ್ದವನು. ಒಳಗಿನ ಹಳದಿ ಹಸಿರು ಹೊಗೆ ಒಂದೇ ಸಲಕ್ಕೆ ಅವನ ಎದೆಗೆ ಹೋಯಿತು. ಹೊಸ್ತಿಲ ಮೇಲೆಯೇ ಬಿದ್ದ. ಜೀವ ಉಳಿಯಿತು, ಉಸಿರು ಉಳಿಯಲಿಲ್ಲ.

ಆ ದಿನ ಮನೆಗೆ ಬಂದ ಅಪ್ಪ ಬೂಟೂ ಬಿಚ್ಚದೆ ನನ್ನ ಮುಂದೆ ಕೂತ. ಕಣ್ಣು ಕೆಂಪಗಿದ್ದವು.

“ಪೊಟ್ಯಾಸಿಯಂ ಎಣಸು” ಅಂದ.

ಎಣಿಸಿದೆ. ಅವನು ಕಲಿಸಿದಂತೆ, ನಡುಬೆರಳಿನ ಎರಡು ಗೆಣ್ಣು ಬಿಟ್ಟು. “ಹತ್ತೊಂಬತ್ತು” ಅಂದೆ.

“ಆ ರವಿವಾರ ಹೆಂಗ ಎಣಸಿದಿ?”

ಅಡುಗೆಮನೆಯ ಮಾಡದಲ್ಲಿ ಉಳಿದ ಕರ್ಚಿಕಾಯಿಯ ಡಬ್ಬಿ ಕಾಣುತ್ತಿತ್ತು. ನನಗೆ ಹೊಳೆಯಿತು. ನನ್ನ ಮುಖ ನೋಡಿ ಅವನಿಗೂ ತಿಳಿಯಿತು. ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ. “ಈ ಮಾತು ಈ ಮನಿ ದಾಟಬಾರದು” ಎಂದಷ್ಟೇ ಹೇಳಿ ಎದ್ದು ಬಚ್ಚಲಿಗೆ ಹೋದ.

ಮರುದಿನ ಒಗೆಯಲು ಹಾಕಿದ ಅವನ ಅಂಗಿಯ ಜೇಬಿನಲ್ಲಿ ನನ್ನ ಚೀಟಿ ಸಿಕ್ಕಿತು. ಒದ್ದೆಯಾಗಿ ಒಣಗಿ ಮುದುಡಿತ್ತು, ಅಂಚಿಗೆ ನೇರಳೆ ಕಲೆ ಹತ್ತಿತ್ತು. ಹದಿನೇಳು, ನನ್ನದೇ ದುಂಡನೆಯ ಅಂಕಿ. ಉಳಿದ ಮೂರನ್ನೂ ಅವನೇ ಕಿತ್ತು ಎಲ್ಲೋ ಎಸೆದಿರಬೇಕು. ವಿಚಾರಣೆಯವರು ಬರುವ ಹೊತ್ತಿಗೆ ಡಬ್ಬಿಗಳ ಮೇಲೆ ಚೀಟಿಯೇ ಇರಲಿಲ್ಲ. ಚೀಟಿ ಸರಿಯಾಗಿಯೇ ಇತ್ತು, ಓದು ಬಾರದ ಆ ಹಮಾಲನೇ ತಪ್ಪು ಕಪಾಟಿಗೆ ಇಟ್ಟಿದ್ದಾನೆ ಎಂದು ಅಪ್ಪ ವರದಿಯಲ್ಲಿ ಬರೆದ. ಅದನ್ನು ಅವನೇ ಅವ್ವನಿಗೆ ಹೇಳುವಾಗ ನಾನು ಪರದೆಯ ಈಚೆ ನಿಂತು ಕೇಳಿದೆ. ನನ್ನನ್ನು ಉಳಿಸಲು ಹಾಗೆ ಬರೆದನೋ, ತನ್ನನ್ನು ಉಳಿಸಿಕೊಳ್ಳಲೋ, ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನನ್ನು ಉಳಿಸಲು ಎಂದುಕೊಂಡೇ ಬೆಳೆದೆ, ಹಾಗೆಂದುಕೊಳ್ಳುವುದು ಹೆಚ್ಚು ಭಾರ. ಆ ಹಮಾಲನನ್ನು ಕೆಲಸದಿಂದ ತೆಗೆದರು.

ಆ ಬಳಿಕ ರವಿವಾರದ ಚೀಟಿ ನಿಂತವು. ಅಪ್ಪ ಸಂಧ್ಯಾವಂದನೆ ಬಿಡಲಿಲ್ಲ, ಆದರೆ ಎಣಿಸುವುದನ್ನು ಬಿಟ್ಟ. ತುಟಿ ಅಲುಗುತ್ತಿದ್ದವು, ಕೈ ತೊಡೆಯ ಮೇಲೆ ಮುಷ್ಟಿಯಾಗಿ ಬಿದ್ದಿರುತ್ತಿತ್ತು. ಸಾಯುವವರೆಗೆ ಹಾಗೆಯೇ. ನಾನು ಕೆಮಿಸ್ಟ್ರಿಯಲ್ಲೇ ಡಿಗ್ರಿ ಮಾಡಿದೆ. ಯಾಕೆ ಅದನ್ನೇ ಹಿಡಿದೆ ಎಂದು ಕೇಳಿದವರಿಗೆ ಅಪ್ಪನ ಆಸೆ ಎಂದು ಸುಳ್ಳು ಹೇಳಿದ್ದೇನೆ. ಸುಳ್ಳು ಹೇಳುವುದು ನಮ್ಮ ಮನೆಯಲ್ಲಿ ಅಷ್ಟು ಕಷ್ಟದ ಕೆಲಸವಾಗಿ ಉಳಿದಿರಲಿಲ್ಲ.

ಹೋದ ವರ್ಷ ಜೂನಿನಲ್ಲಿ, ಕ್ಲಾಸುಗಳು ಶುರುವಾಗುವ ವಾರ, ಮೆಟ್ಟಿಲ ಮೇಲೆ ಯಾರೋ ಉಸಿರೆಳೆಯುವ ಸದ್ದು ಕೇಳಿತು. ನಾಲ್ಕು ಮೆಟ್ಟಿಲು ಹತ್ತುವುದು, ಕೂರುವುದು, ಮತ್ತೆ ನಾಲ್ಕು ಹತ್ತುವುದು. ಬಾಗಿಲಿಗೆ ಬಂದವನು ಬಡಕಲು ಮುದುಕ, ತಲೆಗೆ ಬಿಳಿ ಟೊಪ್ಪಿಗೆ. ಹಿಂದೆ ಒಂಬತ್ತನೆಯ ಇಯತ್ತೆಯ ಹುಡುಗಿ, ಅವನ ಮೊಮ್ಮಗಳು. ಕೂರಿಸಿ ನೀರು ಕೊಟ್ಟೆ. ಮಾತಾಡಲು ಅವನಿಗೆ ಎಷ್ಟೋ ಹೊತ್ತು ಹಿಡಿಯಿತು.

“ಅಕ್ಕೋರ, ಕೆಳಗ ಬೋರ್ಡಿನ ಮ್ಯಾಲಿನ ಅಡ್ಡಹೆಸರ ನಮ್ಮ ಮೊಮ್ಮಗಳು ಓದಿ ಹೇಳಿದ್ಳು. ನೀವು ಕುರಕುಂಭದ ಸ್ಟೋರ್ ಸಾಹೇಬರ ಮನಿಯವರೇನ್ರಿ?”

ಹೌದು ಅಂದೆ. ಅಪ್ಪ ತೀರಿಕೊಂಡು ವರ್ಷಗಳಾದವು ಎಂದೂ ಹೇಳಿದೆ. ಅವನು ಯಾರೆಂದು ನಾನು ಕೇಳಲಿಲ್ಲ. ಆ ಉಸಿರು ಕೇಳಿದ ಮೇಲೆ ಕೇಳುವುದೇನಿತ್ತು?

“ನಾ ಅವರ ಕೈಕೆಳಗ ಇದ್ದೆರಿ. ಡಬ್ಬಿ ತಪ್ಪಿಟ್ಟಾಂವ ಅಂತ ತಗದರಲ್ಲ, ಅಂವ.” ಉಸಿರು ತಕ್ಕೊಂಡ. “ಆ ಡಬ್ಬಿ ನನಗ ಗುರ್ತ ಇತ್ರಿ. ಮಳಿಗಾಲದಾಗ ಬಂದಾಗ ಹತ್ತೊಂಬತ್ತರಾಗ ಇಟ್ಟಿದ್ದೆ. ಈ ಸಲ ಚೀಟಿ ಮ್ಯಾಲ ಹದಿನೇಳಂತ ಇತ್ತು. ಸಾಹೇಬರ ಟೇಬಲ್ ಕಡೆ ಹೋಗಿ ಕೇಳಿದೆ, ಇದು ಹತ್ತೊಂಬತ್ತಲ್ಲೇನ್ರಿ ಸಾಹೇಬ್ರ ಅಂತ. ಹಬ್ಬದ ಗಡಿಬಿಡಿ, ಅವರು ತಲಿ ಎತ್ತಲಿಲ್ಲ. ‘ನನ್ನ ಮಗಳು ಎಣಿಸಿ ಬರದಾಳ, ತಪ್ಪಂಗಿಲ್ಲ, ಇಡು’ ಅಂದ್ರು. ಇಟ್ಟೆ.”

ಇದು ನನಗೆ ಗೊತ್ತಿರಲಿಲ್ಲ. ಅಪ್ಪ ಇದನ್ನು ಅವ್ವನಿಗೂ ಹೇಳಿರಲಿಲ್ಲ. ಈ ಮನುಷ್ಯ ತಪ್ಪನ್ನು ಕಂಡುಹಿಡಿದಿದ್ದ, ಹೋಗಿ ಕೇಳಿಯೂ ಕೇಳಿದ್ದ. ಅವನನ್ನು ಸುಮ್ಮನಿರಿಸಿದ್ದು ನನ್ನ ಮೇಲಿನ ನಂಬಿಕೆ.

“ನಮ್ಮ ಮನ್ಯಾಗ ಯಾರೂ ನಂಬಂಗಿಲ್ರಿ” ಅಂದ. “ಓದಾಕ ಬರಂಗಿಲ್ಲ, ಎಲ್ಲೆರ ಇಟ್ಟಿರಬೇಕು ಅಂತ ನನ್ನ ಮಗನಽ ಅಂತಾನ. ಕಾಗದದಾಗ ಹಂಗ ಬರದಾರಲ್ಲ. ಸಾಹೇಬರ ಕಡೆಯವರು ಯಾರರ ಒಂದ ಮಾತ ಹೇಳಿದ್ರ ಸಾಕಿತ್ತು. ಮತ್ತೇನೂ ಬ್ಯಾಡ್ರಿ.” ನನ್ನನ್ನೇ ನೋಡಿದ. “ಆ ಮಗಳು ನೀವೇನ್ರಿ?”

ಮೊಮ್ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಹೊರಗೆ ಸಾತಾರಾ ಕಡೆಯ ಬಸ್ಸೊಂದು ಒಂದೇ ಸಮನೆ ಹಾರನ್ ಹಾಕುತ್ತಿತ್ತು. ಒಂದೇ ಮಾತು ಸಾಕಾಗಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

“ಅಲ್ಲ” ಅಂದೆ. “ಆಕಿ ನಮ್ಮಕ್ಕ. ಆಕಿ ಈಗ ಇಲ್ಲ.”

ನನಗೆ ಅಕ್ಕ ಇಲ್ಲ. ಎಂದೂ ಇರಲಿಲ್ಲ. ಇಲ್ಲದ ಅಕ್ಕನನ್ನು ಹುಟ್ಟಿಸಿ, ಅದೇ ಉಸಿರಿನಲ್ಲಿ ಸಾಯಿಸಿ, ತಪ್ಪನ್ನು ಅವಳ ತಲೆಗೆ ಕಟ್ಟಿದೆ. ಅವನ ಮಗನೆದುರು ಆ ಮಾತನ್ನು ಹೇಳಲು ಬರುತ್ತೇನೆ ಎಂದೂ ಅನ್ನಲಿಲ್ಲ. ನಾನಾಗ ಸಣ್ಣವಳು, ನನಗೇನೂ ತಿಳಿಯದು ಅಂದೆ. ಎಷ್ಟು ಸಲೀಸಾಗಿ ಅಂದೆನೆಂದು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮುದುಕ ಬಹಳ ಹೊತ್ತು ನನ್ನ ಮುಖ ನೋಡಿದ.

“ಹೌದ್ರಿ? ಪಾಪ” ಅಂದ. “ಸಣ್ಣ ಕೂಸು ಇದ್ದಿರಬೇಕು ಆವಾಗ. ಆಕೀದೇನು ತಪ್ಪ್ರಿ.”

ಆಮೇಲೆ ಮೊಮ್ಮಗಳ ಹೆಸರು ಬರೆಸಿ, ಮೆಟ್ಟಿಲಿಗೊಮ್ಮೆ ನಿಲ್ಲುತ್ತ ಇಳಿದು ಹೋದ.

ಹುಡುಗಿ ಚುರುಕಾಗಿದ್ದಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷು, ಮೂರರಲ್ಲೂ ತಡವರಿಸುತ್ತಿರಲಿಲ್ಲ. ಹದಿನೈದು ದಿನದಲ್ಲಿ ಮೂವತ್ತು ಚಿಹ್ನೆಗಳ ಸಂಖ್ಯೆ ನಾಲಿಗೆಯ ತುದಿಯಲ್ಲಿ. ಅವಳನ್ನು ನಾನು ಎಂದೂ K ಕೇಳಲಿಲ್ಲ. ದಿನಾ ಕ್ಲಾಸು ಬಿಟ್ಟಾಗ ಇವತ್ತು ಇವಳ ಜೊತೆ ಮನೆಗೆ ಹೋಗಿ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಗಣಪತಿ ಮುಗಿಯಲಿ ಎಂದೆ. ಅರ್ಧ ವರ್ಷದ ಸಹಾಮಾಹಿ ಪರೀಕ್ಷೆ ಮುಗಿಯಲಿ ಎಂದೆ. ದೀಪಾವಳಿ ಬಂತು. ಆ ಹಬ್ಬದಲ್ಲಿ ನಾನು ಯಾರ ಮುಖವನ್ನೂ ನೋಡಲಾರೆ. ರಜೆ ಮುಗಿದ ಮೇಲೆ ಖಂಡಿತ ಎಂದೆ.

ರಜೆ ಮುಗಿದು ಹತ್ತು ದಿನವಾದರೂ ಹುಡುಗಿ ಬರಲಿಲ್ಲ. ಬಂದ ದಿನ ಕೊನೆಯ ಬೆಂಚಿನಲ್ಲಿ ಕೂತಳು. ಉಳಿದವರೆಲ್ಲ ಹೋದ ಮೇಲೆ ಹತ್ತಿರ ಬಂದು, “ಅಜ್ಜ ಹೋದ ಮ್ಯಾಡಮ್” ಅಂದಳು. “ಥಂಡಿ ಶುರು ಆತಲ್ಲ, ಉಸಿರ ಸಿಗಲಿಲ್ಲ.”

ನಾನು ಕುರ್ಚಿ ಹಿಡಿದುಕೊಂಡು ನಿಂತೆ. ಕೂತುಕೊಂಡರೆ ಹೇಳಲಾರೆ ಎಂದು ಗೊತ್ತಿತ್ತು.

“ನನಗ ಅಕ್ಕ ಇಲ್ಲ” ಅಂದೆ. “ಚೀಟಿ ಬರದಾಕಿ ನಾನು. ತಪ್ಪು ಎಣಿಸಿದಾಕಿನೂ ನಾನು. ನಿಮ್ಮ ಅಜ್ಜಂದು ಏನೂ ತಪ್ಪಿರಲಿಲ್ಲ.”

ಹುಡುಗಿಗೆ ಆಶ್ಚರ್ಯವಾಗಲಿಲ್ಲ. “ಅಜ್ಜಗ ಗೊತ್ತಿತ್ತು” ಅಂದಳು. “ಆವತ್ತ ಮೆಟ್ಟಲಾ ಇಳಿಯೋಮುಂದನ ಹೇಳಿದ. ಸಾಹೇಬರಿಗೆ ಒಬ್ಬಾಕಿನ ಮಗಳು, ದಿನಾ ಆಕೀದ ಮಾತು ಇರ್ತಿತ್ತು ಅಂತ.”

“ಮತ್ತ ನಿನ್ನ ಇಲ್ಲಿ ಯಾಕ ಬಿಟ್ಟ?”

“ನಾನೂ ಅದನ್ನ ಕೇಳಿದೆ. ‘ಆಕಿ ಇನ್ನ ತಪ್ಪಂಗಿಲ್ಲ, ಆಕಿ ಕಡೆನ ಕಲಿ’ ಅಂದ.”

ನನಗೆ ಅಳು ಬಂತು. ಅಳಲು ನನಗೆ ಹಕ್ಕಿಲ್ಲ ಎಂದು ತಡೆದುಕೊಂಡೆ. ಹುಡುಗಿ ಚೀಲದಿಂದ ನೋಟುಬುಕ್ಕು ತೆಗೆದು ನಡುವಿನ ಹಾಳೆಯೊಂದನ್ನು ಹರಿದು ಮುಂದಿಟ್ಟಳು.

“ಮನ್ಯಾಗ ಅಪ್ಪ ನಂಬಲಿಲ್ಲ. ಖರೆ ಹೇಳ್ತೀನಿ ಮ್ಯಾಡಮ್, ನಾನೂ ಪೂರ್ತಿ ನಂಬಿರಲಿಲ್ಲ. ಕಾಗದದ ಮ್ಯಾಲೆ ಇದ್ರ ನಂಬ್ತಾರ. ಬರದ ಕೊಡ್ತೀರೇನು?”

ಬರೆದೆ. ಡಬ್ಬಿಯ ಮೇಲೆ ಹದಿನೇಳು ಎಂದು ಬರೆದವಳು ನಾನು. ಹತ್ತೊಂಬತ್ತಲ್ಲವೇ ಎಂದು ಅವನು ಕೇಳಿದ್ದ. ಹೇಳಿದಲ್ಲಿಯೇ ಇಟ್ಟ. ನನ್ನಪ್ಪ ಬರೆದ ವರದಿ ಸುಳ್ಳು. ಬರೆಯುತ್ತಿದ್ದಾಗ ಎಡಗೈ ತಾನಾಗಿಯೇ ಎಣಿಸುತ್ತಿತ್ತು: ಒಂದು ಸುತ್ತು, ಮೇಲೆ ಒಂಬತ್ತು. ಹುಡುಗಿ ಅದನ್ನು ನೋಡಿದಳು. ಕೆಳಗೆ ನನ್ನ ಪೂರ್ತಿ ಹೆಸರು, ಅಡ್ಡಹೆಸರಿನ ಸಮೇತ ಬರೆದು ಸಹಿ ಹಾಕಿದೆ.

ಅವಳು ಎರಡು ಸಲ ಓದಿದಳು. ನಾಲ್ಕು ಮಡಿಕೆ ಮಾಡಿ ಕಂಪಾಸ್ ಪೆಟ್ಟಿಗೆಯಲ್ಲಿಟ್ಟಳು. ಬಾಗಿಲ ತನಕ ಹೋಗಿ ತಿರುಗಿ ನಿಂತಳು.

“ಅಜ್ಜ ಇದ್ದಾಗ ಯಾಕ ಬರದ ಕೊಡಲಿಲ್ಲ, ಮ್ಯಾಡಮ್?”

ಸಿಟ್ಟಿನಿಂದ ಕೇಳಲಿಲ್ಲ. ಕ್ಲಾಸಿನಲ್ಲಿ ತಿಳಿಯದ್ದನ್ನು ಕೇಳುವ ಹಾಗೆಯೇ ಕೇಳಿದಳು, ಉತ್ತರಕ್ಕಾಗಿ ಕಾದಳು. ಆಮೇಲೆ ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲು ಇಳಿದಳು. ಅವಳ ಹೆಜ್ಜೆಯ ಸದ್ದು ಕೆಳಗಿನ ಗಲ್ಲಿಯಲ್ಲಿ ಅಡಗಿದ ಮೇಲೂ ನಾನು ನಿಂತೇ ಇದ್ದೆ.